ಹದಿನೈದು ನಿಮಿಷದ ಪಾಠಶಾಲೆ

ಮಕ್ಕಳೇ, ನಿಮ್ಮ ಜಾಮಿಟ್ರಿ ಪೆಟ್ಟಿಗೆಯಲ್ಲಿರುವ ಪೆನ್ಸಿಲ್ಲನ್ನು ನಮ್ಮ ಕಾಲದಲ್ಲಿ ಸೀಸದಕಡ್ಡಿ ಅನ್ನುತ್ತಿದ್ದೆವು. ನಿಮ್ಮ ಅಜ್ಜಿ ತಾತ ಈಗಲೂ ಹಾಗೇ ಅನ್ನಬಹುದು. ನಿಜ ಹೇಳಬೇಕೆಂದರೆ ಅದರಲ್ಲಿ ಸೀಸವೇ ಇಲ್ಲ. ಇರುವುದು ಗ್ರಾಫೈಟ್. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ವಾಯವ್ಯ ಮೂಲೆಯ ಬೊರೋಡೇಲ್ ಎಂಬ ಕಣಿವೆಯಲ್ಲಿ ಬಲು ಶುದ್ಧವಾದ ಗ್ರಾಫೈಟ್ ಸಿಕ್ಕಿತು. ಅಲ್ಲಿನ ಜನ ಈ ಕಪ್ಪು ಕಲ್ಲಿನಿಂದ ಮೊದಲು ಬರೆದದ್ದು ಕಾಗದದ ಮೇಲಲ್ಲವಂತೆ, ಕುರಿಗಳ ಮೈಮೇಲಂತೆ. ಯಾರ ಕುರಿ ಯಾವುದೆಂದು ಗುರುತು ಹಾಕಲು ಕುರುಬರು ಅದನ್ನು ಬಳಸುತ್ತಿದ್ದರು ಎಂದು ಆ ಸೀಮೆಯವರು ಇಂದಿಗೂ ಹೇಳುತ್ತಾರೆ. ಪೆನ್ಸಿಲ್ ಬಂದದ್ದು ಆಮೇಲೆ.

ಆ ಕಣಿವೆಯಲ್ಲಿ ಈಗ ಗ್ರಾಫೈಟ್ ಗಣಿ ನಡೆಯುವುದಿಲ್ಲ. ಕುರಿಗಳು ಮಾತ್ರ ಇವೆ. ಕಳೆದ ವರ್ಷ ಏಪ್ರಿಲ್ ಕೊನೆಯಿಂದ ಜುಲೈ ನಡುವಿನವರೆಗೆ ನಾನೂ ನನ್ನ ಮನೆಯಾಕೆಯೂ ಅಲ್ಲಿ ಇದ್ದು ಬಂದೆವು. ಮಗಳು, ಅಳಿಯ ಇಬ್ಬರದೂ ಮನೆಯಿಂದಲೇ ಮಾಡುವ ಕಂಪ್ಯೂಟರ್ ಕೆಲಸ. ಊರಿನ ಗಲಾಟೆ ಬೇಡವೆಂದು ಬೊರೋಡೇಲಿನ ಒಂದು ಕುರಿ ಫಾರ್ಮಿನ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ. ಒಂಬತ್ತು ವರ್ಷದ ಮೊಮ್ಮಗಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ.

ಮಳೆ, ಕಲ್ಲು, ಕುರಿ

ಮ್ಯಾಂಚೆಸ್ಟರಿನಲ್ಲಿ ವಿಮಾನ ಇಳಿದು, ರೈಲು ಹಿಡಿದು ಪೆನ್ರಿತ್ ಎಂಬ ಊರು ಸೇರಿದರೆ ಅಲ್ಲಿಂದ ಬಸ್ಸಿನಲ್ಲಿ ಕೆಸಿಕ್. ಇಂಗ್ಲಿಷಿನಲ್ಲಿ ಬರೆಯುವಾಗ ಈ ಹೆಸರಿನ ನಡುವೆ ಒಂದು ಡಬ್ಲ್ಯೂ ಬರುತ್ತದೆ, ಹೇಳುವಾಗ ಅದನ್ನು ನುಂಗಿಬಿಡುತ್ತಾರೆ. ಕೆಸಿಕ್ ಪಕ್ಕದಲ್ಲೇ ಡರ್ವೆಂಟ್‌ವಾಟರ್ ಸರೋವರ. ಅದರ ದಂಡೆ ಹಿಡಿದು ದಕ್ಷಿಣಕ್ಕೆ ಹೋದರೆ ಎರಡೂ ಕಡೆಯ ಬೆಟ್ಟಗಳು ಹತ್ತಿರ ಹತ್ತಿರ ಬರುತ್ತಾ ರಸ್ತೆ ಕಿರಿದಾಗುತ್ತದೆ. ಅದೇ ಬೊರೋಡೇಲ್. ಇಡೀ ಸೀಮೆಗೆ ಲೇಕ್ ಡಿಸ್ಟ್ರಿಕ್ಟ್ ಎಂದು ಹೆಸರು. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಸುಂದರ ಬೆಟ್ಟ ಕೆರೆಗಳಿಗಾಗಿ ಮಾತ್ರವಲ್ಲ, ನೂರಾರು ವರ್ಷಗಳಿಂದ ಇಲ್ಲಿ ನಡೆದುಬಂದ ಕುರಿ ಸಾಕಣೆಗೂ ಆ ಮರ್ಯಾದೆ ಸಂದಿದೆ.

ಬೆಟ್ಟಗಳು ನಮ್ಮ ಕಣ್ಣಿಗೆ ಎತ್ತರವೇನಲ್ಲ. ಇಂಗ್ಲೆಂಡಿಗೇ ಎತ್ತರವಾದ ಸ್ಕಾಫೆಲ್ ಪೈಕ್ ಇರುವುದು ಇಲ್ಲೇ. ಅದು 978 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಹೆಚ್ಚೂಕಡಿಮೆ ಅರ್ಧ. ಆದರೆ ಮಳೆ! ಕಣಿವೆಯ ತುದಿಯ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನಲ್ಲಿ ಜನ ವಾಸವಿರುವ ಊರುಗಳಲ್ಲೆಲ್ಲ ಹೆಚ್ಚು ಮಳೆ ಬೀಳುವ ಊರು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ. ಆಗುಂಬೆಯಲ್ಲಿ ಅದರ ಎರಡರಷ್ಟು ಬೀಳುತ್ತದೆ ಎಂದು ನಾನು ಹೇಳಿದಾಗ ಪಕ್ಕದ ಫಾರ್ಮಿನ ಅಜ್ಜ ನಂಬಲೇ ಇಲ್ಲ. ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ ಮೇಲೆ ಟೋಪಿ ತೆಗೆದು ಆಗುಂಬೆಗೆ ಒಂದು ನಮಸ್ಕಾರ ಹಾಕಿದರು.

ಈ ಅಜ್ಜನಿಗೆ ಎಪ್ಪತ್ತಾರು. ನನಗಿಂತ ಎರಡು ವರ್ಷ ದೊಡ್ಡವರು. ಮೊಣಕಾಲು ಹಿಡಿದುಕೊಂಡು ಬೆಟ್ಟ ಹತ್ತುವುದು ನಿಂತಿದೆ. ಫಾರ್ಮ್ ನೋಡಿಕೊಳ್ಳುವುದು ನಲವತ್ತರ ವಯಸ್ಸಿನ ಅವರ ಮಗಳು. ಕುರಿಯಿಂದ ಮಾತ್ರ ಸಂಸಾರ ನಡೆಯದೆಂದು ಆಕೆ ಬೆಳಿಗ್ಗೆ, ಮಧ್ಯಾಹ್ನ ಶಾಲಾ ಮಕ್ಕಳ ವ್ಯಾನನ್ನೂ ಓಡಿಸುತ್ತಾಳೆ. ಅವರಾಡುವ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಮೊಮ್ಮಗಳು ಕನ್ನಡ ಮಾಡಿ ಹೇಳುತ್ತಿದ್ದಳು.

ಅವರ ಕುರಿಗಳು ಹರ್ಡ್ವಿಕ್ ತಳಿ. ಇವುಗಳ ವಿಶೇಷ ಕೇಳಿ: ಮರಿ ಹುಟ್ಟುವಾಗ ಕಪ್ಪು. ಬೆಳೆಯುತ್ತಾ ಮುಖ ಬೆಳ್ಳಗಾಗುತ್ತದೆ, ಮೈ ಕಂದಾಗಿ ಆಮೇಲೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ವಯಸ್ಸಾದಂತೆ ಇನ್ನೂ ಬಿಳಿ. 'ತಾತ, ನಿಮ್ಮ ಹಾಗೇ!' ಅಂದಳು ಮೊಮ್ಮಗಳು.

ಇನ್ನೊಂದು ವಿಶೇಷವೂ ಉಂಟು. ಬೆಟ್ಟದ ಮೇಲೆ ಬೇಲಿ ಇಲ್ಲ. ಹಲವರ ಕುರಿಗಳು ಒಂದೇ ಬೆಟ್ಟದಲ್ಲಿ ಮೇಯುತ್ತವೆ. ಆದರೂ ಒಂದೊಂದು ಮಂದೆ ತನ್ನ ತನ್ನ ಜಾಗ ಬಿಟ್ಟು ಬಹಳ ದೂರ ಹೋಗುವುದಿಲ್ಲ. ತಾಯಿಯ ಜೊತೆ ಮೇಯುತ್ತಲೇ ಮರಿ ಆ ಜಾಗವನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಇದಕ್ಕೆ ಅವರ ಮಾತಿನಲ್ಲಿ 'ಹೆಫ್ಟ್' ಎನ್ನುತ್ತಾರೆ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದಾಗ ಲಕ್ಷಾಂತರ ದನ ಕುರಿಗಳನ್ನು ಕೊಲ್ಲಬೇಕಾಯಿತು. ಈ ಕಂಬ್ರಿಯಾ ಸೀಮೆಗೇ ಹೆಚ್ಚಿನ ಪೆಟ್ಟು. ಕುರಿಗಳನ್ನು ಮತ್ತೆ ಕೊಂಡುತರಬಹುದು, ಆದರೆ ತಾಯಿಯಿಂದ ಮರಿಗೆ ಬಂದ ಈ ತಿಳಿವಳಿಕೆಯನ್ನು ಎಲ್ಲಿಂದ ತರುವುದು ಎಂದು ಜನ ಕಂಗಾಲಾಗಿದ್ದರಂತೆ.

ಪೀಟರ್ ಎಂಬ ಮೊಲದ ಕಥೆಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. 1902ರ ಆ ಪುಸ್ತಕ ಬರೆದ ಬೀಟ್ರಿಕ್ಸ್ ಪಾಟರ್ 1905ರಲ್ಲಿ ಈ ಸೀಮೆಯಲ್ಲೇ ಹಿಲ್ ಟಾಪ್ ಎಂಬ ಫಾರ್ಮ್ ಕೊಂಡರು. ಆಮೇಲೆ ಕಥೆಗಿಂತ ಕುರಿಯೇ ಅವರಿಗೆ ಹೆಚ್ಚಾಯಿತು. ಹರ್ಡ್ವಿಕ್ ತಳಿ ಅಳಿಯದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. 1943ರಲ್ಲಿ ತೀರಿಕೊಂಡಾಗ 4000 ಎಕರೆಗೂ ಮಿಕ್ಕಿದ ಜಮೀನನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದರು.

ಕಾಯುವ ನಾಯಿ, ತರುವ ನಾಯಿ

ನಾನು ಬ್ಯಾಂಕಿನ ಗುಮಾಸ್ತನಾಗಿ ಚಳ್ಳಕೆರೆ ಕಡೆ ಒಂಬತ್ತು ವರ್ಷ ಇದ್ದವನು. ಕಂಬಳಿಗೆ ಹೆಸರಾದ ಊರು ಅದು. ಇಪ್ಪತ್ತು ಕುರಿ, ಒಂದು ಟಗರು ಎಂಬ ಲೆಕ್ಕದಲ್ಲಿ ಸಾಲ ಕೊಟ್ಟು, ಕಿವಿಗೆ ವಿಮೆಯ ಬಿಲ್ಲೆ ಹಾಕಿಸಿ, ರೊಪ್ಪಗಳಿಗೆ ಹೋಗಿ ಕುರಿ ಎಣಿಸಿ ಬರುತ್ತಿದ್ದೆವು. ನಮ್ಮ ಕುರುಬರ ಮಂದೆಯ ಜೊತೆಗೂ ನಾಯಿಗಳು ಇರುತ್ತವೆ. ಅವುಗಳ ಕೆಲಸ ಕಾವಲು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ತೋಳ ಬಂದರೆ, ಕಳ್ಳ ಬಂದರೆ ಬೊಗಳಿ ಮೇಲೆ ಬೀಳಬೇಕು. ಕುರಿಗಳನ್ನು ನಡೆಸುವುದು ಕುರುಬನೇ. ಅವನ ಕೂಗಿಗೆ, ನಾಲಿಗೆಯ ಸದ್ದಿಗೆ ಅವು ತಿರುಗುತ್ತವೆ. ಮನುಷ್ಯ ಹಗಲು ರಾತ್ರಿ ಜೊತೆಗಿರುವ ಮಂದೆ ಅದು.

ಬೊರೋಡೇಲಿನಲ್ಲಿ ಹಾಗಲ್ಲ. ಕುರಿಗಳು ವಾರಗಟ್ಟಲೆ ಮನುಷ್ಯರ ಮುಖ ನೋಡದೆ ಬೆಟ್ಟದಲ್ಲಿ ಇರುತ್ತವೆ. ಬ್ರಿಟನ್ನಿನಲ್ಲಿ ತೋಳಗಳು ಅಳಿದು ಶತಮಾನಗಳೇ ಆಗಿವೆ, ಕಾವಲಿನ ನಾಯಿ ಬೇಕಿಲ್ಲ. ಬೇಕಾಗಿರುವುದು ಬಂಡೆ, ಜರೀಗಿಡ, ಮಂಜಿನ ನಡುವೆ ಹರಡಿಕೊಂಡ ಕುರಿಗಳನ್ನು ಹುಡುಕಿ, ಒಟ್ಟು ಮಾಡಿ, ಕೆಳಗೆ ತರುವ ನಾಯಿ. ಆ ಕೆಲಸ ಹತ್ತು ಜನರಿಂದಾಗದು, ಎರಡು ಒಳ್ಳೆಯ ನಾಯಿಗಳಿಂದ ಆಗುತ್ತದೆ. ಆ ನಾಯಿಯ ಜಾತಿಗೆ ಬಾರ್ಡರ್ ಕಾಲಿ ಎಂದು ಹೆಸರು. ಬಾರ್ಡರ್ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್ ನಡುವಿನ ಗಡಿ. 1893ರಲ್ಲಿ ಆ ಗಡಿಯ ನಾರ್ತಂಬರ್ಲೆಂಡಿನಲ್ಲಿ ಆಡಮ್ ಟೆಲ್ಫರ್ ಎಂಬುವರ ಮನೆಯಲ್ಲಿ ಹೆಂಪ್ ಎಂಬ ಗಂಡುಮರಿ ಹುಟ್ಟಿತು. ಬೊಗಳದೆ, ಕಚ್ಚದೆ, ಬರೀ ನೋಟದಿಂದ ಕುರಿಗಳನ್ನು ನಡೆಸುತ್ತಿದ್ದ ಆ ನಾಯಿಯ ರಕ್ತ ಇಂದಿನ ಹೆಚ್ಚುಕಡಿಮೆ ಎಲ್ಲ ಬಾರ್ಡರ್ ಕಾಲಿಗಳಲ್ಲೂ ಇದೆ. ಬ್ರಿಟನ್ನಿನಲ್ಲಿ ದಾಖಲಾಗಿರುವ ಮೊದಲ ಕುರಿನಾಯಿ ಸ್ಪರ್ಧೆ 1873ರಲ್ಲಿ ವೇಲ್ಸಿನ ಬಾಲಾ ಎಂಬ ಊರಲ್ಲಿ ನಡೆಯಿತು. 1906ರಲ್ಲಿ ಈ ನಾಯಿಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಅದು ಈಗಲೂ ನಾಯಿಗಳ ವಂಶಾವಳಿ ಬರೆದಿಡುತ್ತದೆ.

ಪಕ್ಕದ ಫಾರ್ಮಿನಲ್ಲಿ ಎರಡು ನಾಯಿಗಳಿದ್ದವು. ಹನ್ನೆರಡು ವರ್ಷದ ಮಾಸ್, ಹನ್ನೊಂದು ತಿಂಗಳ ನೆಲ್. ಮಾಸ್ ಬೆಟ್ಟದ ಒಂದೊಂದು ಬಂಡೆಯನ್ನೂ ಬಲ್ಲ. ಆದರೆ ಅವನ ಕಿವಿ ಮಂದವಾಗುತ್ತಾ ಬಂದು, ನಾವು ಹೋಗುವ ಹೊತ್ತಿಗೆ ಸಿಳ್ಳೆಯೇ ಕೇಳಿಸದಂತಾಗಿತ್ತು. ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಕೈಸನ್ನೆಗೆ ಕೆಲಸ ಮಾಡುತ್ತಿದ್ದ. ನೆಲ್ ಮಿಂಚಿನಂಥ ಹೆಣ್ಣುನಾಯಿ, ಕಲಿತದ್ದು ಮಾತ್ರ ಸೊನ್ನೆ. ಕರೆದರೆ ಬರುತ್ತಿದ್ದಳು, ಕೂರು ಎಂದರೆ ಮಲಗುತ್ತಿದ್ದಳು, ಅಷ್ಟೇ.

ಜುಲೈ ಮೊದಲ ವಾರ ಕುರಿಗಳನ್ನೆಲ್ಲ ಬೆಟ್ಟದಿಂದ ಇಳಿಸಿ ಉಣ್ಣೆ ಕತ್ತರಿಸಬೇಕು. ಕತ್ತರಿಸದೆ ಬಿಟ್ಟರೆ ಬೇಸಿಗೆಯಲ್ಲಿ ನೊಣ ಕೂತು ಹುಳು ಬೀಳುತ್ತದೆ. ಉಣ್ಣೆ ಮಾರಿದ ಹಣ ಕತ್ತರಿಸಿದ ಕೂಲಿಗೂ ಸಾಲದು, ಆದರೂ ಮಾಡಲೇಬೇಕು. ಮೇ ನಡುವಿನವರೆಗೆ ಆಕೆಗೆ ಮರಿ ಹಾಕಿಸುವ ಕೆಲಸ, ನಿದ್ದೆಗೂ ಪುರುಸೊತ್ತಿಲ್ಲ. ಉಳಿದದ್ದು ಏಳು ವಾರ. ಅದರಲ್ಲೂ ದಿನಕ್ಕೆ ಆಕೆಗೆ ಬಿಡುವು ಬೆಳಿಗ್ಗೆ ವ್ಯಾನ್ ತೆಗೆಯುವ ಮೊದಲು ಹದಿನೈದು ನಿಮಿಷ, ಸಂಜೆ ಊಟದ ನಂತರ ಹದಿನೈದು ನಿಮಿಷ.

'ಅಷ್ಟರಲ್ಲಿ ಆಗದಿದ್ದರೆ?' ಎಂದು ಕೇಳಿದೆ.

ಆಕೆ ಲೆಕ್ಕ ಹೇಳಿದಳು. ಪಳಗಿದ ನಾಯಿಗೆ ಸಾವಿರಾರು ಪೌಂಡ್. 2021ರಲ್ಲಿ ವೇಲ್ಸಿನ ಹರಾಜೊಂದರಲ್ಲಿ ಕಿಮ್ ಎಂಬ ಒಂದು ವರ್ಷದ ನಾಯಿ 27,100 ಪೌಂಡಿಗೆ ಹೋಯಿತು. ಆಗಿನ ನಮ್ಮ ಹಣದಲ್ಲಿ ಸುಮಾರು 27 ಲಕ್ಷ ರೂಪಾಯಿ! ಅದು ಆಗಿನ ದಾಖಲೆಯ ಬೆಲೆ, ಎಲ್ಲ ನಾಯಿಗೂ ಅಷ್ಟಿಲ್ಲ. ಆದರೂ ಸಾಧಾರಣ ನಾಯಿ ಕೊಳ್ಳುವುದೂ ಆಕೆಯ ಕೈಗೆಟುಕದು. 'ನೆಲ್‌ಳನ್ನು ಪುರುಸೊತ್ತಿರುವ ಯಾರಿಗಾದರೂ ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಕಲಿತ ನಾಯಿ ತರಬೇಕಾಗುತ್ತದೆ' ಅಂದಳು. ಮೊಮ್ಮಗಳ ಮುಖ ಚಿಕ್ಕದಾಯಿತು.

ಪ್ರದಕ್ಷಿಣೆ, ಅಪ್ರದಕ್ಷಿಣೆ

ಪಾಠ ನಡೆಯುವುದು ನಮ್ಮ ಹಿತ್ತಲ ಗೋಡೆಯಾಚೆಯ ಹುಲ್ಲುಗಾವಲಿನಲ್ಲಿ. ಗೋಡೆ ಎಂದರೆ ಸುಣ್ಣ, ಮಣ್ಣು, ಸಿಮೆಂಟು ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ನಮ್ಮ ದುರ್ಗದ ಕಡೆ ಹೊಲದ ಒಡ್ಡಿಗೆ ಕಲ್ಲು ಪೇರಿಸುವ ಹಾಗೆ. ನಾನು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಗೋಡೆಗೆ ಒರಗುತ್ತಿದ್ದೆ. ಮೊಮ್ಮಗಳು ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದಳು. ಅವಳಿಗೆ ನಾನು ಲೆಡ್ಜರಿನ ಹಾಗೆ ಗೆರೆ ಹಾಕಿಕೊಟ್ಟಿದ್ದೆ: ತಾರೀಖು, ನಿಮಿಷ, ಜಮಾ, ಖರ್ಚು. ನೆಲ್ ಸರಿಯಾಗಿ ಮಾಡಿದ್ದೆಲ್ಲ ಜಮಾ, ಕೆಡಿಸಿದ್ದೆಲ್ಲ ಖರ್ಚು.

ಮರಿ ಜೊತೆಗಿರುವ ತಾಯಿಕುರಿಗಳ ಮೇಲೆ ಪಾಠ ಮಾಡುವುದಿಲ್ಲ. ತಾಯಿ ತಿರುಗಿಬಿದ್ದರೆ ಎಳೆಯ ನಾಯಿಯ ಧೈರ್ಯ ಹೋಗುತ್ತದೆ. ಅದಕ್ಕೇ ಹಿಂದಿನ ವರ್ಷ ಹುಟ್ಟಿದ, ನಾಯಿಯ ಅಭ್ಯಾಸವಿರುವ ಆರು ಸಾಧು ಕುರಿಗಳನ್ನು ಆರಿಸಿಟ್ಟಿದ್ದಳು.

ಮೊದಲ ದಿನ ನೆಲ್ ಬಾಣದ ಹಾಗೆ ಹೋಗಿ ಆರು ಕುರಿಗಳ ನಡುವೆಯೇ ತೂರಿದಳು. ಕುರಿಗಳು ಆರು ದಿಕ್ಕಿಗೆ ಓಡಿದವು. ಆಕೆ ಬೈಯಲಿಲ್ಲ. ಕೈಯಲ್ಲಿದ್ದ ಉದ್ದನೆಯ ಕೋಲನ್ನು ಅಡ್ಡ ಹಿಡಿದು ನಾಯಿಯ ದಾರಿಗೆ ಎದುರಾಗಿ ನಿಂತಳು. ನೆಲ್ ಸುತ್ತಿ ಹೋಗಲೇಬೇಕಾಯಿತು. ಸುತ್ತಿದ ಕೂಡಲೇ ಕುರಿಗಳು ಒಟ್ಟಾದವು. ಆಕೆ ಹಿಂದೆ ಹಿಂದೆ ಹೆಜ್ಜೆ ಇಟ್ಟಳು, ಕುರಿಗಳು ಆಕೆಯ ಕಡೆ ಬಂದವು, ನೆಲ್ ಅವುಗಳ ಹಿಂದೆ ತಲೆ ತಗ್ಗಿಸಿ, ಮೈ ಬಗ್ಗಿಸಿ, ಬೆಕ್ಕಿನಂತೆ ನಡೆದಳು.

ಅಜ್ಜ ವಿವರಿಸಿದರು: ಇದು ತೋಳದಿಂದ ಬಂದ ಬುದ್ಧಿ. ತೋಳಗಳು ಬೇಟೆಯನ್ನು ಸುತ್ತುವರಿಯುತ್ತವೆ. ತಲೆತಲಾಂತರ ಆರಿಸಿ ಆರಿಸಿ ಸಾಕಿದ್ದರಿಂದ ಈ ನಾಯಿಗಳಲ್ಲಿ ಸುತ್ತುವ ಆಸೆ, ದಿಟ್ಟಿಸುವ ಕಣ್ಣು ಉಳಿದಿದೆ, ಕೊಲ್ಲುವ ಆಸೆ ಹೋಗಿದೆ. ಗಡಿಯಾರದಲ್ಲಿ ನೀವು ಆರರಲ್ಲಿ ನಿಂತರೆ ನಾಯಿ ಹನ್ನೆರಡಕ್ಕೆ ಹೋಗಿ ನಿಲ್ಲಬಯಸುತ್ತದೆ, ಕುರಿಗಳು ನಡುವೆ. ಅದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದದ್ದು, ಹೇಳಿದಾಗ ಹೋಗುವುದು, ಹೇಳಿದಾಗ ನಿಲ್ಲುವುದು.

ಹೇಳುವ ಮಾತುಗಳು ಕೆಲವೇ. 'ಕಮ್ ಬೈ' ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕುರಿಗಳನ್ನು ಸುತ್ತು. 'ಅವೇ' ಎಂದರೆ ಅದಕ್ಕೆ ಎದುರು ದಿಕ್ಕಿನಲ್ಲಿ. ನನಗೆ ಇದು ಗೊಂದಲವಾಗುತ್ತಿತ್ತು. ನನ್ನ ಮನೆಯಾಕೆ ಒಂದೇ ಮಾತಿನಲ್ಲಿ ಬಗೆಹರಿಸಿದಳು: 'ಕಮ್ ಬೈ ಅಂದ್ರೆ ಪ್ರದಕ್ಷಿಣೆ, ಅವೇ ಅಂದ್ರೆ ಅಪ್ರದಕ್ಷಿಣೆ.' ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ತಪ್ಪಲಿಲ್ಲ. 'ಲೈ ಡೌನ್' ಎಂದರೆ ಇದ್ದಲ್ಲೇ ಮಲಗು. 'ವಾಕ್ ಆನ್' ಎಂದರೆ ಕುರಿಗಳ ಕಡೆ ನೇರ ನಡೆ. ಕೊನೆಯದು 'ದಟ್ಲ್ ಡೂ'. ಇಷ್ಟು ಸಾಕು, ಕೆಲಸ ಮುಗಿಯಿತು, ನನ್ನ ಬಳಿ ಬಾ ಎಂದು ಅರ್ಥ. ಇವೆಲ್ಲಕ್ಕೂ ಒಂದೊಂದು ಸಿಳ್ಳೆಯೂ ಇದೆ. ಗಾಳಿಯಲ್ಲಿ ಸಿಳ್ಳೆ ದೂರ ಹೋಗುತ್ತದೆ. 'ಸಿಳ್ಳೆಯಲ್ಲಿ ಇನ್ನೊಂದು ಲಾಭ, ನಮ್ಮ ಸಿಟ್ಟು ನಾಯಿಗೆ ಗೊತ್ತಾಗುವುದಿಲ್ಲ' ಎಂದು ಅಜ್ಜ ನಕ್ಕರು.

ಸಮಯ ಕಡಿಮೆಯಿದ್ದರೆ ನಮಗೆಲ್ಲ ಆತುರ. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳು ಓದುವಂತೆ ಭಾನುವಾರ ಮೂರು ಗಂಟೆ ಒಟ್ಟಿಗೇ ಕಲಿಸಿಬಿಡಬಹುದಲ್ಲ ಎಂದು ಕೇಳಿದೆ. ಆಕೆ ತಲೆಯಾಡಿಸಿದಳು. ಎಳೆಯ ನಾಯಿಯ ಕಾಲು ದಣಿಯುವ ಮೊದಲೇ ತಲೆ ದಣಿಯುತ್ತದಂತೆ. ದಣಿದ ಮೇಲೆ ಕಲಿಯುವುದೆಲ್ಲ ಕೆಟ್ಟ ಅಭ್ಯಾಸ. ಕುರಿಗಳೂ ಬೇಸತ್ತು ಮೊಂಡುಬೀಳುತ್ತವೆ. ಹದಿನೈದು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಚೆನ್ನಾಗಿ ಮಾಡುತ್ತಿರುವಾಗಲೇ ನಿಲ್ಲಿಸಬೇಕು. ಹಾಗಾದರೆ ಮಾರನೆಯ ದಿನ ನಾಯಿ ಅದೇ ಉತ್ಸಾಹದಲ್ಲಿ ಬರುತ್ತದೆ. ಕೆಲವು ದಿನ ನೆಲ್ ಆರನೇ ನಿಮಿಷಕ್ಕೇ ಸರಿಯಾಗಿ ಮಾಡಿದರೆ ಆಕೆ ಅಲ್ಲಿಗೇ 'ದಟ್ಲ್ ಡೂ' ಎಂದು ಕರೆದುಬಿಡುತ್ತಿದ್ದಳು. ಉಳಿದ ನಿಮಿಷಗಳನ್ನು ಬೇರೆ ಕಡೆ ಉಪಯೋಗಿಸುತ್ತಿದ್ದಳು: ಗೇಟಿನ ಬಳಿ ಕಾಯುವುದು, ಕುರಿಗಳನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟಿಸುವಾಗ ಹಿಂದೆ ನಡೆಯುವುದು. ಹೇಗೂ ಮಾಡಬೇಕಾದ ಕೆಲಸವೇ ಪಾಠವೂ ಆಗುತ್ತಿತ್ತು.

ಮೂರು ವಾರಕ್ಕೆ ನೆಲ್ ಪ್ರದಕ್ಷಿಣೆ, ಅಪ್ರದಕ್ಷಿಣೆ ಎರಡನ್ನೂ ಕಲಿತಳು. ನೂರು ಗಜ ದೂರದಿಂದ ಕುರಿಗಳಿಗೆ ಗಾಬರಿಯಾಗದಂತೆ ಅಗಲವಾಗಿ ಸುತ್ತಿ ಹಿಂದೆ ಹೋಗಿ ನಿಲ್ಲುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಜಮಾ ಬೆಳೆಯಿತು.

ನಾಲ್ಕನೇ ವಾರ ಕೆಟ್ಟಿತು. ದಾರಿಹೋಕರು ಯಾರೋ ಗೇಟು ತೆರೆದು ಹಾಗೇ ಬಿಟ್ಟುಹೋಗಿದ್ದರು. ಮರಿಯೊಂದಿಗೆ ತಾಯಿಕುರಿಯೊಂದು ಪಾಠದ ಗದ್ದೆಗೆ ನುಗ್ಗಿತ್ತು. ನೆಲ್ ತನ್ನ ಪಾಡಿಗೆ ಸುತ್ತಿ ಬರುತ್ತಿದ್ದಾಗ ಆ ತಾಯಿ ತಿರುಗಿ ನಿಂತು, ನೆಲ ಒದ್ದು, ಓಡಿಬಂದು ಗುದ್ದಿತು. ನೆಲ್ ಗೋಡೆಗೆ ಅಪ್ಪಳಿಸಿ ಕೀರಲು ದನಿಯಲ್ಲಿ ಅತ್ತಳು. ಮೂಳೆ ಮುರಿಯಲಿಲ್ಲ. ಆದರೆ ಮಾರನೆಯ ದಿನ ಗದ್ದೆಗೆ ಬಂದರೆ ಬಾಲ ಕಾಲ ಸಂದಿಗೆ. ಸಾಧುವಾದ ಆರು ಕುರಿಗಳು ಸುಮ್ಮನೆ ಮುಖ ಎತ್ತಿ ನೋಡಿದರೂ ನೆಲ್ ಹಿಂದಕ್ಕೆ ಸರಿದಳು. ಮೊಮ್ಮಗಳು ಖರ್ಚಿನ ಕಡೆ ಬರೆದು ನೋಟ್‌ಬುಕ್ ಮುಚ್ಚಿದಳು. ಉಳಿದದ್ದು ಮೂರೂವರೆ ವಾರ.

ಆಕೆ ಅವಸರ ಮಾಡಲಿಲ್ಲ. ಪಾಠವನ್ನು ಐದು ನಿಮಿಷಕ್ಕೆ ಇಳಿಸಿದಳು. ನೆಲ್‌ಳ ಪಕ್ಕದಲ್ಲೇ ತಾನೂ ನಡೆದು ಕುರಿಗಳ ಹತ್ತಿರ ಹೋದಳು. ಕುರಿಗಳು ತಿರುಗಿ ನಡೆದ ಕೂಡಲೇ ಮೆಲುದನಿಯಲ್ಲಿ ಹೊಗಳಿ, ಪಾಠ ಮುಗಿಸಿ ಮನೆಗೆ ಕರೆದೊಯ್ದಳು. ಮೂರನೇ ದಿನ ಅಜ್ಜ ಕುಂಟುತ್ತಾ ಮಾಸ್‌ನನ್ನು ಕರೆತಂದರು. ಕಿವಿ ಕೇಳದ ಮುದಿ ನಾಯಿ ಗಂಭೀರವಾಗಿ ಕುರಿಗಳ ಕಡೆ ನಡೆಯಿತು. ಅವನ ಎಡಗಡೆ, ಒಂದು ಮಾರು ಹಿಂದೆ, ನೆಲ್. ಐದನೇ ದಿನ ಒಂದು ಕುರಿ ತಿರುಗಿ ನಿಂತಾಗ ನೆಲ್ ಹಿಂದೆ ಸರಿಯಲಿಲ್ಲ. ನಿಂತಳು, ದಿಟ್ಟಿಸಿದಳು, ಒಂದು ಹೆಜ್ಜೆ ಮುಂದಿಟ್ಟಳು. ಕುರಿ ತಲೆ ತಿರುಗಿಸಿ ಹೊರಟಿತು. ಮೊಮ್ಮಗಳು ನೋಟ್‌ಬುಕ್ ತೆರೆದಳು.

ಎಣಿಕೆಯ ದಿನ

ಏಳು ವಾರಕ್ಕೆ ಒಟ್ಟು 71 ಪಾಠ. ಐದು ನಿಮಿಷದವನ್ನೂ ಹದಿನೈದೆಂದೇ ಹಿಡಿದರೂ 17 ಗಂಟೆ 45 ನಿಮಿಷ. ಅಷ್ಟೇ ಬಂಡವಾಳ.

ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಬೆಳಿಗ್ಗೆ ನಾಲ್ಕೂವರೆಗೆ ಮತ್ತೆ ಬೆಳಕು. ಬಿಸಿಲೇರುವ ಮೊದಲೇ ಕುರಿಗಳನ್ನು ಇಳಿಸಬೇಕೆಂದು ಐದಕ್ಕೇ ಹೊರಟರು. ಅಕ್ಕಪಕ್ಕದ ಫಾರ್ಮಿನ ಇಬ್ಬರು ತಮ್ಮ ನಾಯಿಗಳೊಂದಿಗೆ ಬಂದಿದ್ದರು. ಇಂದು ಇವರದು, ನಾಳೆ ಅವರದು. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದ್ದ ಹಾಗೆ. ಅಜ್ಜ, ಮಾಸ್, ನಾನು, ಮೊಮ್ಮಗಳು ಬೆಟ್ಟದ ಬುಡದ ಗೇಟಿನ ಬಳಿ. ಬ್ಯಾಂಕಿನಲ್ಲಿ ಇದ್ದವರಲ್ಲವೇ, ಎಣಿಕೆ ನಿಮ್ಮದು ಎಂದು ಅಜ್ಜ ನನಗೆ ಒಪ್ಪಿಸಿದರು. ತಾಯಿಕುರಿಗಳು ಮಾತ್ರ ಲೆಕ್ಕ: 186 ಇರಬೇಕು.

ಆ ಕಣಿವೆಯಲ್ಲಿ ಹಿಂದೆ ಕುರಿ ಎಣಿಸಲು ಬೇರೆಯೇ ಅಂಕಿಗಳಿದ್ದವು: ಯಾನ್, ತ್ಯಾನ್, ತೆದೆರ, ಮೆದೆರ, ಪಿಂಪ್. ಪಿಂಪ್ ಎಂದರೆ ಐದು. ಹತ್ತಕ್ಕೆ ಡಿಕ್. ಇಪ್ಪತ್ತಕ್ಕೆ ಎಣಿಕೆ ಮುಗಿದು ಒಂದು ಕಲ್ಲು ಜೇಬಿಗೆ ಹಾಕಿ ಮತ್ತೆ ಮೊದಲಿನಿಂದ ಶುರು. ಈಗ ಯಾರೂ ಹಾಗೆ ಎಣಿಸುವುದಿಲ್ಲ, ಮಕ್ಕಳು ಆಟಕ್ಕೆ ಹೇಳುತ್ತಾರೆ. ನಾನು ಕನ್ನಡದಲ್ಲೇ ಎಣಿಸಿದೆ. ಇಪ್ಪತ್ತಕ್ಕೊಂದು ಕಲ್ಲನ್ನು ಮೊಮ್ಮಗಳು ಗೋಡೆಯ ಮೇಲಿಟ್ಟಳು.

ಆರೂವರೆಗೆ ಬೆಟ್ಟದ ನೆತ್ತಿಯಿಂದ ಬೂದಿ ಬಣ್ಣದ ಸಾಲುಗಳು ಇಳಿಯತೊಡಗಿದವು. ತಾಯಿಗಳು ಬೂದು, ಮರಿಗಳು ಕಪ್ಪು. ಎಡಗಡೆಯ ಅಂಚಿನಲ್ಲಿ ಒಂದು ಕಪ್ಪು ಬಿಳುಪು ಚುಕ್ಕೆ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಸಿಳ್ಳೆ ಕೇಳಿದಾಗೆಲ್ಲ ಮಲಗುತ್ತಿತ್ತು. ನೆಲ್! ಗೇಟು ಹತ್ತಿರವಾದಾಗ ಹತ್ತಾರು ಕುರಿಗಳು ಒಮ್ಮೆಲೇ ಬಲಕ್ಕೆ ತಿರುಗಿ ಬೆಟ್ಟಕ್ಕೆ ಮರಳಲು ನೋಡಿದವು. ಅಜ್ಜ ಬಾಯಿ ತೆರೆಯುವ ಮೊದಲೇ ಮಾಸ್ ಎದ್ದು ಹೋಗಿ ಅಲ್ಲಿ ನಿಂತಿದ್ದ. ಓಡಲಿಲ್ಲ, ಹಾರಲಿಲ್ಲ, ನಿಂತದ್ದಷ್ಟೇ. ಕುರಿಗಳು ಸುಮ್ಮನೆ ಗೇಟಿನೊಳಗೆ ಬಂದವು.

ಕಲ್ಲು ಒಂಬತ್ತು, ಮೇಲೆ ಮೂರು. 183. ಅಜ್ಜನ ಎಣಿಕೆಯೂ ಅಷ್ಟೇ. ಮೂರು ಕಡಿಮೆ.

ಅಷ್ಟರಲ್ಲಿ ಮೇಲಿನಿಂದ ಮಂಜು ಇಳಿಯಿತು. ಆಕೆ ಹಿಂದಿರುಗಿ ಬೆಟ್ಟ ನೋಡಿದಳು. ಹೆಬ್ಬಂಡೆಯ ಹಿಂದೆ ಎಲ್ಲೋ ಮರಿಯ ಕೂಗು. ಅಲ್ಲಿಗೆ ಹತ್ತಿ ಹೋಗಿ ಬರಲು ಮನುಷ್ಯರಿಗೆ ಒಂದು ಗಂಟೆ ಬೇಕು, ವ್ಯಾನಿನ ಹೊತ್ತಾಗಿತ್ತು. ಮಾಸ್‌ನನ್ನು ಕಳಿಸಿದರೆ ಕಣ್ಮರೆಯಾದ ಮೇಲೆ ಅವನಿಗೆ ಯಾವ ಮಾತೂ ಮುಟ್ಟದು. ಆಕೆ ನೆಲ್‌ಗೆ 'ಕಮ್ ಬೈ' ಅಂದಳು. ನೆಲ್ ಬೆಟ್ಟ ಏರಿ ಬಂಡೆಯ ಹಿಂದೆ ಹೋದಳು. ಒಂದು ನಿಮಿಷ, ಎರಡು ನಿಮಿಷ, ಐದು. ಆಕೆ ಸಿಳ್ಳೆ ಹಾಕಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಜ್ಜ ಹೇಳಿದರು: 'ಅಲ್ಲಿ ಏನು ನಡೆಯುತ್ತಿದೆಯೋ ನಮಗೆ ಕಾಣುತ್ತಿಲ್ಲ. ನೆಲ್‌ಗೆ ಕಾಣುತ್ತಿದೆ. ಈಗ ಮಾತಾಡಬಾರದು.'

ಏಳನೇ ನಿಮಿಷಕ್ಕೆ ಮಂಜಿನಿಂದ ಎರಡು ತಾಯಿಕುರಿ, ಎರಡು ಮರಿ ಹೊರಬಂದವು. ಒಂದು ತಾಯಿ ನಡುನಡುವೆ ತಿರುಗಿ ನೆಲ ಒದೆಯುತ್ತಿತ್ತು. ಹಿಂದೆ ಸಾಕಷ್ಟು ದೂರ ಬಿಟ್ಟು ನೆಲ್. ತಾಯಿ ತಿರುಗಿದಾಗ ನಿಲ್ಲುತ್ತಿದ್ದಳು, ಅದು ನಡೆದಾಗ ನಡೆಯುತ್ತಿದ್ದಳು. 184, 185.

ಒಂದು ಸಿಗಲಿಲ್ಲ. ಅದಕ್ಕೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲೂ ಇಲ್ಲ. ಪ್ರತಿ ಫಾರ್ಮಿನ ಕುರಿಗೂ ಕಿವಿಯಲ್ಲಿ ಒಂದು ಕತ್ತರಿಸಿದ ಗುರುತು, ಉಣ್ಣೆಯ ಮೇಲೆ ಒಂದು ಬಣ್ಣದ ಗುರುತು ಇರುತ್ತದೆ. ಯಾವ ಗುರುತು ಯಾರದೆಂದು ಚಿತ್ರಸಮೇತ ತೋರಿಸುವ ಪುಸ್ತಕ 1817ರಷ್ಟು ಹಿಂದೆಯೇ ಅಚ್ಚಾಗಿದೆ. ಸಂಜೆ ಪಕ್ಕದ ಕಣಿವೆಯಿಂದ ಫೋನ್ ಬಂತು, ನಿಮ್ಮದೊಂದು ನಮ್ಮಲ್ಲಿದೆ ಎಂದು. ಲೆಕ್ಕ ತಾಳೆಯಾಯಿತು.

ಗೇಟು ಹಾಕಿದ ಮೇಲೆ ಅಜ್ಜ ಮಾಸ್ ಕಡೆ ತಿರುಗಿ 'ದಟ್ಲ್ ಡೂ' ಅಂದರು. ಅವನಿಗೆ ಕೇಳಿಸಲಿಲ್ಲ, ಇನ್ನೂ ಕುರಿಗಳನ್ನೇ ನೋಡುತ್ತಿದ್ದ. ಅಜ್ಜ ನಿಧಾನಕ್ಕೆ ಬಗ್ಗಿ ಅವನ ಬೆನ್ನ ಮೇಲೆ ಕೈ ಇಟ್ಟರು. ಆಗ ಮಾಸ್ ತಿರುಗಿ ಅವರ ಜೊತೆ ಮನೆಯ ಕಡೆ ಹೆಜ್ಜೆ ಹಾಕಿದ. ನನಗೂ ಅವರಿಗೂ ಮಾತು ಬರಲಿಲ್ಲ. ಇಬ್ಬರೂ ನಿವೃತ್ತರೇ.

ಆಕೆ ಬೂಟು ಬದಲಿಸಿ ವ್ಯಾನ್ ಹತ್ತುವಾಗ ಮೊಮ್ಮಗಳು ಓಡಿಹೋಗಿ ಕೇಳಿದಳು, ನೆಲ್‌ಳನ್ನು ಮಾರುತ್ತೀರಾ ಎಂದು. 'ಕಲಿಯಬೇಕಾದದ್ದು ಇನ್ನೂ ಎರಡು ವರ್ಷದ್ದಿದೆ. ನಾಳೆ ಬೆಳಿಗ್ಗೆ ಆರೂಮುಕ್ಕಾಲಿಗೆ ಪಾಠ, ತಡ ಮಾಡಬೇಡ' ಎಂದು ಹೇಳಿ ವ್ಯಾನ್ ಓಡಿಸಿಕೊಂಡು ಹೋದಳು.

ಹೋಗುವವರಿಗೆ ಒಂದೆರಡು ಮಾತು

ಮೇ, ಜೂನ್ ಒಳ್ಳೆಯ ಕಾಲ. ಮರಿಗಳು ಕಪ್ಪಾಗಿಯೇ ಇರುತ್ತವೆ. ಕೆಸಿಕ್‌ನಿಂದ ಬೊರೋಡೇಲಿಗೆ 78ನೇ ನಂಬರಿನ ಬಸ್ಸು ಸರೋವರದ ದಂಡೆಯಲ್ಲೇ ಹೋಗುತ್ತದೆ. ಕೊಡೆ ಗಾಳಿಗೆ ನಿಲ್ಲದು, ಮಳೆ ಅಂಗಿಯೇ ಬೇಕು. ಮಕ್ಕಳಿದ್ದರೆ ಕೆಸಿಕ್‌ನ ಪೆನ್ಸಿಲ್ ಮ್ಯೂಸಿಯಂ ತಪ್ಪಿಸಬೇಡಿ. ಸುಮಾರು 8 ಮೀಟರ್ ಉದ್ದದ ಬಣ್ಣದ ಪೆನ್ಸಿಲ್ ಅಲ್ಲಿದೆ. ಶರತ್ಕಾಲಕ್ಕೆ ಹೋದವರಿಗೆ ಕಣಿವೆಗಳಲ್ಲಿ ಕುರುಬರ ಕೂಟಗಳು ನಡೆಯುವುದು ಸಿಗುತ್ತದೆ. ದಾರಿ ತಪ್ಪಿದ ಕುರಿಗಳನ್ನು ಅವರವರಿಗೆ ಒಪ್ಪಿಸಲೆಂದು ಶುರುವಾದ ಕೂಟಗಳು ಅವು, ಈಗ ಕುರಿ ಪ್ರದರ್ಶನ, ನಾಯಿಗಳ ಪಂದ್ಯ ಎಲ್ಲ ಸೇರಿ ಜಾತ್ರೆಯಂತೆ ನಡೆಯುತ್ತವೆ.

ಕಾಲುದಾರಿಗಳು ಕುರಿಗದ್ದೆಗಳ ನಡುವೆಯೇ ಹಾಯುತ್ತವೆ, ಯಾರು ಬೇಕಾದರೂ ನಡೆಯಬಹುದು. ಕುರಿ ಮತ್ತು ಮರಿಯ ನಡುವೆ ಹೋಗಬೇಡಿ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ತೆರೆದಿದ್ದರೆ ತೆರೆದೇ ಇರಲಿ, ನೀರಿಗೋ ಮೇವಿಗೋ ಅವರೇ ತೆರೆದಿಟ್ಟಿರುತ್ತಾರೆ. ಗೋಡೆಯಾಚೆ ಯಾರಾದರೂ ನಾಯಿಗೆ ಪಾಠ ಹೇಳುತ್ತಿರುವುದು ಕಂಡರೆ ದೂರದಲ್ಲೇ ನಿಂತು ನೋಡಿ, ಕೂಗಬೇಡಿ. ಅವರ ಬಳಿ ಇರುವುದು ಹದಿನೈದೇ ನಿಮಿಷ.